ಸೋತೆನ್ನದ ಗುಡ್ಡ

"ಸೋತೆನ್ನದ ಗುಡ್ಡಕ್ಕ ಹಿಂಗ ಹೋಗಬೇಕೇನಬೇ?" ಎಂದು ಸರ್ವಮಂಗಳಾ ಕೇಳಿದ್ದು ಅದು ಮೂರನೆಯ ಸಲ. ಮೊದಲಿಬ್ಬರು ತೋರಿಸಿದ ದಾರಿಗಳೆರಡೂ ಜಾಲಿಯ ಮುಳ್ಳುಬೇಲಿಯಲ್ಲಿ ಮುಗಿದಿದ್ದವು. ಹತ್ತೊಂಬತ್ತು ದೇಶಗಳಲ್ಲಿ ದಾರಿ ತಪ್ಪಿಸಿಕೊಂಡು, ತಿಳಿಯದ ಭಾಷೆಗಳಲ್ಲಿ ಕೈಸನ್ನೆ ಮಾಡಿಯೇ ಊಟ, ಹಾಸಿಗೆ ಗಿಟ್ಟಿಸಿದ್ದ ಹೆಂಗಸು, ತುಂಗಭದ್ರೆಯ ಈ ದಂಡೆಯಲ್ಲಿ ಮಾತು ಬಂದೂ ಕಂಗಾಲಾಗಿದ್ದಳು. ಈ ಸಲ ಸಿಕ್ಕಿದ್ದು ಬೇವಿನ ನೆರಳಿನಲ್ಲಿ ಕುರಿಯ ಉಣ್ಣೆ ನೂಲುತ್ತ ಕುಳಿತಿದ್ದ ಮುದುಕಿ ಭರಮವ್ವ.

"ದಾರಿ ಐತಿ. ಆದ್ರ ಏನು ನೋಡಾಕ ಹೊಂಟಿ? ಗುಡಿ ಇಲ್ಲ, ಗೋಪುರ ಇಲ್ಲ. ಚಾದಂಗಡಿನೂ ಇಲ್ಲ."

"ನೋಡಾಕಲ್ಲ. ಒಂದು ಮಾತು ಹೇಳಾಕ ಬಂದೀನಿ."

"ಕಲ್ಲಿಗೆ ಹೇಳ್ತಿ? ಹೇಳು. ಕೇಳಿಸಿಕೊಳ್ಳೂದ್ರಾಗ ನನ್ನ ಗಂಡಗಿಂತ ಅದ ಚಲೋ." ಭರಮವ್ವ ಕೈಯಲ್ಲಿ ಕದಿರು ತಿರುಗಿಸುತ್ತಲೇ ಎದ್ದು ಮುಂದೆ ನಡೆದಳು.

ಗುಡ್ಡ ಎನ್ನುವುದು ದೊಡ್ಡ ಮಾತಾಯಿತು. ಆನೆಗಾತ್ರದ ಗುಂಡುಗಳು ಒಂದರ ಮೇಲೊಂದು ಕುಳಿತ ದಿಬ್ಬ ಅದು. ಬುಡದಲ್ಲಿ ಒಂದು ಬಿರುಕು. ದೊಡ್ಡವರ ಭುಜ ಅದರೊಳಗೆ ಹಿಡಿಯುವುದಿಲ್ಲ, ಎಂಟು ವರ್ಷದ ಮಗು ಅಡ್ಡಡ್ಡ ನುಸುಳಿದರೆ ಹೋದೀತು. ಬಿರುಕಿನ ಪಕ್ಕದ ಕಲ್ಲಿನಲ್ಲಿ, ಮಗುವಿನ ಹಣೆಯ ಎತ್ತರಕ್ಕೆ, ಒಂದು ನುಣುಪಾದ ತಗ್ಗಿದೆ. ಕುಂಕುಮವಿಲ್ಲ, ಹೂವಿಲ್ಲ. ಹೊಲಕ್ಕೆ ಹೋಗುವ ಹೆಂಗಸರು ಬಿರುಕಿನ ಬಾಯಿಯಲ್ಲಿ ಒಂದು ತುಣುಕು ರೊಟ್ಟಿ, ಚೂರು ಬೆಲ್ಲ ಇಟ್ಟು ಮಾತಾಡದೆ ಮುಂದೆ ಹೋಗುತ್ತಾರೆ. ಆ ಊರಿನ ಮಕ್ಕಳು ಲಗೋರಿ ಆಡುತ್ತವೆ, ಗಜ್ಜುಗ ಆಡುತ್ತವೆ, ಪರಸ್ಪರ ಹಲ್ಲೂ ಮುರಿಯುತ್ತವೆ. ಕಣ್ಣಾಮುಚ್ಚಾಲೆಯೊಂದನ್ನು ಮಾತ್ರ ಆಡುವುದಿಲ್ಲ.

ಹಿಂದೆ ಒಮ್ಮೆ, ಯಾವ ಅರಸನ ಕಾಲವೋ ಹೇಳುವವರಿಲ್ಲ, ಈ ಸೀಮೆಯ ಮೇಲೆ ಕುದುರೆ ದಂಡೊಂದು ಬಿತ್ತಂತೆ. ಅವರು ಕಾಳುಕಡಿಗಿಂತ ಮಕ್ಕಳನ್ನು ಹೆಚ್ಚಾಗಿ ಒಯ್ಯುತ್ತಿದ್ದರು, ದೂರದ ಸಂತೆಗಳಲ್ಲಿ ಮಾರಲು. ಗಂಡಸರು ಕುರಿ ಹೊಡೆದುಕೊಂಡು ಹೊಳೆಯಾಚೆ ಹೋಗಿದ್ದ ಹೊತ್ತು. ಅಂದು ಗುಡ್ಡದ ಬುಡದಲ್ಲಿ ಆಡುತ್ತಿದ್ದ ಎಂಟು ಮಕ್ಕಳಲ್ಲಿ ಆ ತಗ್ಗಿಗೆ ಹಣೆ ಇಟ್ಟು ಕಣ್ಣು ಮುಚ್ಚುವ ಸರದಿ ಹನ್ನೆರಡು ವರ್ಷದ ನೀಲಿಯದು. ಧೂಳು ಕಂಡದ್ದೇ ಆಕೆ ಉಳಿದ ಏಳನ್ನೂ ಬಿರುಕಿನೊಳಗೆ ತೂರಿದಳು. ದಂಡಿನವರು ಕೈಗೆ ಸಿಕ್ಕ ತಾಯಂದಿರ ಕುತ್ತಿಗೆಗೆ ಕತ್ತಿ ಹಿಡಿದು ಅವರಿಂದಲೇ ಮಕ್ಕಳನ್ನು ಕರೆಸುತ್ತಾರೆಂದು ಪಕ್ಕದೂರಿನಲ್ಲಿ ನಡೆದದ್ದನ್ನು ಆಕೆ ಕೇಳಿದ್ದಳು. ಆದ್ದರಿಂದ, "ಯಾರು ಕರದ್ರೂ ಬರಬ್ಯಾಡ್ರಿ, ನಿಮ್ಮವ್ವ ಕರದ್ರೂ ಅದು ಮೋಸ. ನಾನಾಗಿ ಬಂದು ಸೋತೆ ಅಂದ ಮ್ಯಾಲ ಆಟ ಮುಗೀತು" ಎಂದು ಕಟ್ಟು ಹಾಕಿ, ದಂಡಿನವರ ಕಣ್ಣಿಗೆ ಬೀಳುವ ಹಾಗೆ ತಾನು ಇನ್ನೊಂದು ದಿಕ್ಕಿಗೆ ಓಡಿದಳು ಎನ್ನುತ್ತಾರೆ.

ದಂಡು ಅವಳ ಬೆನ್ನು ಹತ್ತಿ ಹೋಗಿಯೇಬಿಟ್ಟಿತು. ಸಂಜೆ ತಾಯಂದಿರು ಬಿರುಕಿನ ಮುಂದೆ ಬಂದು ಹೆಸರು ಹಿಡಿದು ಕರೆದರು. ಒಳಗಿನಿಂದ ಕಿಸಕ್ಕನೆ ನಗು, "ನೀಲಕ್ಕ ಬಂದು ಸೋತೆ ಅನ್ನಲಿ" ಎಂಬ ಮಾತು ಕೇಳಿಸಿತು. ಮಕ್ಕಳು ಇನ್ನಷ್ಟು ಒಳಗೆ ಸರಿದವು. ಮರುದಿನ ಅತ್ತು ಕರೆದರು. ಅಳುವವ್ವ ಕತ್ತಿಯ ಕೆಳಗಿನ ಅವ್ವನೆಂದೇ ಮಕ್ಕಳು ತಿಳಿದವು. ನೀಲಿಯ ವಾರಿಗೆಯ ಹುಡುಗಿಯೊಬ್ಬಳನ್ನು ನಿಲ್ಲಿಸಿ "ನಾ ಸೋತೆ" ಎನ್ನಿಸಿದಾಗ, "ನೀ ನೀಲಕ್ಕ ಅಲ್ಲ" ಎಂದು ಒಳಗಿನಿಂದ ಒಂದು ಕ್ಷೀಣ ದನಿ ಬಂತು. ಹೊಳೆಯಾಚೆಯಿಂದ ಮರಳಿದ ಗಂಡಸರು ಸುತ್ತಿಗೆ ತಂದರು, ಮೇಲಿನ ಗುಂಡು ಅಲುಗಿದ್ದು ಕಂಡು ಕೆಳಗಿಟ್ಟರು. ನಾಲ್ಕನೆಯ ದಿನ ಒಳಗಿನಿಂದ ಏನೂ ಕೇಳಿಸಲಿಲ್ಲ. ನೀಲಿ ಬರಲಿಲ್ಲ. ಸೋತೆ ಎನ್ನಬೇಕಾದವಳು ಎನ್ನದೆ ಹೋದದ್ದರಿಂದ ಗುಡ್ಡಕ್ಕೆ ಈ ಹೆಸರು ಉಳಿಯಿತು.

"ದಂಡಿನೋರು ಆಕಿನ್ನ ಕೊಂದ್ರು ಅಂತಾರ," ಎಂದಳು ಭರಮವ್ವ. "ಇಲ್ಲಂದ್ರ ಬರ್ತಿದ್ಲು. ಬರದ ಇರ್ತಿದ್ಲೇನು?"

ಸರ್ವಮಂಗಳಾಳ ಮನೆಯಲ್ಲಿ ಈ ಕಥೆಗೆ ಬೇರೆಯೇ ಬಾಲವಿತ್ತು. ಅಜ್ಜಿ ಬಸಲಿಂಗವ್ವ ಮೊಮ್ಮಕ್ಕಳ ಯಾವ ತಂಟೆಯನ್ನೂ ಸಹಿಸುವಳು, ಆದರೆ ಕಣ್ಣಾಮುಚ್ಚಾಲೆಯನ್ನು ಅರ್ಧಕ್ಕೆ ಬಿಟ್ಟು ಎದ್ದವರಿಗೆ ರೊಟ್ಟಿ ಬಡಿಸುತ್ತಿರಲಿಲ್ಲ. ಹಿಡಿಯುವವರು ಸೋತೆ ಎನ್ನಬೇಕು, ಅಡಗಿದವರೆಲ್ಲ ಬಂದು ತಲೆ ಎಣಿಸಿಕೊಳ್ಳಬೇಕು, ಆಮೇಲೆಯೇ ಊಟ. ಏಕೆಂದು ಹೇಳಿದ್ದು ಸಾಯುವ ವಾರ. ನೀಲಿ ಸತ್ತಿರಲಿಲ್ಲ. ಹೊಳೆ ದಾಟಿ ಬದುಕಿಕೊಂಡಳು. ಮೊದಲು ಹೆದರಿಕೆಯಿಂದ ಹಿಂತಿರುಗಲಿಲ್ಲ; ಸುದ್ದಿ ಮುಟ್ಟಿದ ಮೇಲೆ ನಾಚಿಕೆಯಿಂದ. ಅಲ್ಲೇ ಮದುವೆಯಾಗಿ ಹೆಣ್ಣು ಹೆತ್ತಳು. ಆ ಹೆಣ್ಣಿನ ಬಳ್ಳಿಯಲ್ಲಿ ಒಡವೆಯ ಜೊತೆಗೆ ಹೇಳದೆ ಉಳಿದ ಆ ಒಂದು ಮಾತೂ ತಾಯಿಯಿಂದ ಮಗಳಿಗೆ ಬಂತು. "ನೀನರ ಹೋಗಿ ಹೇಳಿ ಬಾರ ತಂಗಿ" ಎಂದಿದ್ದಳು ಬಸಲಿಂಗವ್ವ. ಸರ್ವಮಂಗಳಾ ಹೂಂ ಎಂದು ಊರೂರು ಸುತ್ತಲು ಹೊರಟಳು. ನಡುವೆ ಮಕ್ಕಳಿಗೆಂದು ಬರೆದ ಕಥೆಯಲ್ಲಿ ನೀಲಿಯನ್ನು ಅದೇ ಸಂಜೆ ಹಿಂದಕ್ಕೆ ಕರೆಸಿ, ಏಳು ಮಕ್ಕಳಿಗೂ ಹೋಳಿಗೆ ತಿನ್ನಿಸಿದಳು. ಪುಸ್ತಕ ಚೆನ್ನಾಗಿ ನಡೆಯಿತು. ಮೊನ್ನೆ ಶಾಲೆಯೊಂದರಲ್ಲಿ ಒಬ್ಬ ಹುಡುಗಿ, "ನೀಲಿ ಬರದಿದ್ದರೆ ಅವರು ಇನ್ನೂ ಅಲ್ಲೇ ಇರುತ್ತಿದ್ದರಾ?" ಎಂದು ಕೇಳಿದ ಮರುದಿನವೇ ಸರ್ವಮಂಗಳಾ ಈ ಕಡೆಯ ಬಸ್ಸು ಹತ್ತಿದಳು. ಅವಳಿಗೆ ಅರವತ್ತು ತುಂಬಿತ್ತು, ಮುಂದೆ ದಾಟಿಸಲು ಮಗಳಿರಲಿಲ್ಲ.

"ಆಕಿ ಸಾಯಲಿಲ್ಲಬೇ," ಎಂದಳು ಸರ್ವಮಂಗಳಾ. "ಹೊಳಿ ದಾಟಿ ಬದುಕಿದ್ಲು. ನಾ ಆಕಿ ಮನ್ಯಾಕಿ."

ಭರಮವ್ವನ ಕದಿರು ನಿಂತಿತು.

"ಏಳರಾಗ ಎರಡು ನಮ್ಮ ಮನೀವು," ಎಂದಳು. "ನಮ್ಮತ್ತಿ ಸಾಯೂತನಾ ರೊಟ್ಟಿ ಇಟ್ಲು. ಎಲ್ಲಾ ದೇಶ ತಿರುಗಿ ಈಗ ಬಂದ್ಯಾ?"

"ಈಗ ಬಂದೆ."

"ಬಂದಾಕಿ ಸುಮ್ಮನ ಯಾಕ ನಿಂತಿ ಮತ್ತ?"

ಇಂದಿಗೂ ಅಲ್ಲಿಗೆ ಹೋದವರಿಗೆ ಕಾಣುವುದು ಅದೇ ಬಿರುಕು, ಅದೇ ತಗ್ಗು ಬಿದ್ದ ಕಲ್ಲು, ಇರುವೆ ಹತ್ತಿದ ಬೆಲ್ಲ. ಗುಡ್ಡದ ಹೆಸರೂ ಬದಲಾಗಿಲ್ಲ. ಊರ ಬಾಯಲ್ಲಿ ಕೂತ ಹೆಸರು ಒಬ್ಬ ಹೆಂಗಸಿನ ಮಾತಿಗೆ ಏಳುವುದಿಲ್ಲ. ಆದರೆ ಆ ಮಧ್ಯಾಹ್ನ ಸರ್ವಮಂಗಳಾ ಮೊಣಕಾಲೂರಿದಳು. ತಗ್ಗು ಅಷ್ಟು ಕೆಳಗಿತ್ತು. ಹಣೆ ಇಟ್ಟಳು. ಕಲ್ಲು ಬಿಸಿಲಿಗೆ ಕಾದಿತ್ತು.

"ನಾ ನೀಲಿ ಮನ್ಯಾಕಿ. ನಾ ಸೋತೆ. ಎಲ್ಲಾರೂ ಹೊರಗ ಬರ್ರಿ."

"ಜೋರಾಗಿ ಹೇಳು," ಎಂದಳು ಹಿಂದಿನಿಂದ ಭರಮವ್ವ. "ಭಾಳ ಒಳಗ ಹೋಗ್ಯಾವ."

ಅವಳು ಗಂಟಲು ಬಿರಿಯುವಂತೆ ಮತ್ತೆ ಕೂಗಿದಳು. ಕೂಗಿ ಎದ್ದಳು. ಇಬ್ಬರೂ ಬಿರುಕಿನ ಬಾಯಿಯಿಂದ ಒಂದು ಮಾರು ಹಿಂದೆ ಸರಿದು, ದಾರಿ ಬಿಟ್ಟು ನಿಂತರು.