ಎರಡಿಂಚಿನ ಲೆಕ್ಕ

ನಲ್ಲಿ ನೀರಿಗೆ ಹಂಡೆ ತುಂಬಿ ತುಳುಕೋದನ್ನ ನೋಡಬೇಕು ಅಂತಲೇ ನೀರುಗಂಟಿ ಮುದ್ದಯ್ಯನ ತಾಯಿ ಮುದುಕಿಯಾದಳು. ಕೊನೆಗೂ ಊರಿಗೆ ಹೊಸ ಪೈಪು ಬಂತು.

ಪಂಚಾಯ್ತಿ ಅಧ್ಯಕ್ಷ ಗಂಗಣ್ಣನವರು ಹಂಚಿದರು: “ನಮ್ಮ ಕೇರಿಗೆ ಎರಡಿಂಚಿನದು ಒಂದು. ನಿಮ್ಮ ಕೇರಿಗೆ ಒಂದಿಂಚಿನವು ಎರಡು. ಸಮ ಆಯ್ತಲ್ಲ?”

ಮುದ್ದಯ್ಯ ಕೈಮುಗಿದ. “ಆಯ್ತು ಸ್ವಾಮಿ. ಆದ್ರೆ ನಿಮಗೆ ಒಂದು, ನಮಗೆ ಎರಡು ಅಂದ್ರೆ ನೋಡಿದೋರು ಏನಂದಾರು? ಎರಡು ನೀವೇ ಇಟ್ಕೊಳ್ಳಿ, ಆ ಒಂದು ನಮಗಿರಲಿ.”

ಅಧ್ಯಕ್ಷರು ಎದೆಯುಬ್ಬಿಸಿ ಒಪ್ಪಿದರು.

ನೀರು ಬಿಟ್ಟ ದಿನ ಓಡೋಡಿ ಬಂದರು. “ಎರಡೂ ಸೇರಿದ್ರೂ ನಿಮ್ಮದರ ಅರ್ಧದಷ್ಟೇ ನೀರು ಬರ್ತದಲ್ಲೋ!”

“ಎರಡಿಂಚಿನ ಬಾಯಲ್ಲಿ ಒಂದಿಂಚಿನ ನಾಲ್ಕು ಬಾಯಿ ಅದಾವೆ ಸ್ವಾಮಿ. ಜಗಳ ಆಮೇಲೆ ಆಡೋಣ. ಅವ್ವ ಹಂಡೆ ಮುಂದೆ ಕೂತವ್ಳೆ, ಈಗ ತುಳುಕೋ ಹೊತ್ತು.”