ಒಲೆ ಹಚ್ಚಿಸಿದ ಕಮಿಟ್

ತುಂಗಭದ್ರೆಯ ದಡದ ಒಂದು ಆಶ್ರಮದಲ್ಲಿ ನರಹರಿ ಶಾಸ್ತ್ರಿಗಳೆಂಬ ಗುರುಗಳಿದ್ದರು. ಅವರ ಪಂಚಾಂಗ ನೋಡಿಯೇ ಸುತ್ತಲಿನ ಊರುಗಳವರು ಉಪವಾಸ ಮಾಡುತ್ತಿದ್ದರು.

ಆ ಪಂಚಾಂಗವನ್ನು ಲೆಕ್ಕ ಹಾಕುವ ಪ್ರೋಗ್ರಾಮನ್ನು ಆನ್‌ಲೈನ್ ಎಡಿಟರಿನಲ್ಲಿ ನೋಡಿಕೊಳ್ಳುತ್ತಿದ್ದವನು ಶಿಷ್ಯ ವಾಗೀಶ. ಅವನು ಕಮಿಟ್ ಗುಂಡಿ ಒತ್ತಿದರೆ ಸಾಕು, ತಿದ್ದಿದ್ದೆಲ್ಲ ದಾಖಲಾಗಿ ಎಲ್ಲರ ಫೋನಿನಲ್ಲೂ ಪಂಚಾಂಗ ಬದಲಾಗುತ್ತಿತ್ತು.

ಒಂದು ಬೆಳಿಗ್ಗೆ ಅಡುಗೆಯ ಪದ್ಮಾವತಮ್ಮ ಫೋನು ಹಿಡಿದುಕೊಂಡು ಗುರುಗಳ ಬಳಿ ಬಂದರು.

"ಶಾಸ್ತ್ರಿಗಳೇ, ನಿನ್ನೆ ಮಧ್ಯಾಹ್ನ ನೋಡಿದಾಗ ಇವತ್ತು ಏಕಾದಶಿ ಅಂತಿತ್ತು. ಈಗ ನೋಡಿದರೆ ದಶಮಿ ಅಂತಿದೆ. ನಾನು ಒಲೆ ಹಚ್ಚಲೋ ಬೇಡವೋ?"

ಗುರುಗಳು ವಾಗೀಶನನ್ನು ಕರೆಸಿದರು. ಅವನ ಮುಖ ಬಿಳಿಚಿಕೊಂಡಿತ್ತು. ಆಶ್ರಮದಲ್ಲಿ ತನಗಿದೇ ಕೊನೆಯ ದಿನ ಎಂದು ಅವನಿಗೆ ಖಾತ್ರಿಯಾಗಿತ್ತು.

"ಏನು ಮಾಡಿದೆ?"

"ನಿನ್ನೆ ಸಂಜೆ ಮುಖಪುಟದ ಅಕ್ಷರ ದೊಡ್ಡದು ಮಾಡಿ ಕಮಿಟ್ ಒತ್ತಿದೆ, ಅಷ್ಟೇ. ಯಾವ ಫೈಲು ಹೋಗಬೇಕು ಅಂತ ಪ್ರತಿ ಸಲ ಆರಿಸುತ್ತಿದ್ದೆ, ನಿನ್ನೆ ಮರೆತೆ. ಆರಿಸದೆ ಒತ್ತಿದರೆ ಆ ಎಡಿಟರು ತಿದ್ದಿಟ್ಟ ಫೈಲುಗಳನ್ನೆಲ್ಲ ಸೇರಿಸಿ ಕಳಿಸಿಬಿಡುತ್ತೆ. ನನಗದು ಗೊತ್ತಿರಲಿಲ್ಲ."

"ಬೇರೆ ಏನು ತಿದ್ದಿಟ್ಟಿದ್ದೆ?"

ವಾಗೀಶ ನೆಲ ನೋಡಿದ. "ಸೂರ್ಯೋದಯದ ಲೆಕ್ಕ."

"ಅದು ನಾನೇ ಬರೆಸಿದ್ದಲ್ಲವಾ?"

"ಹೌದು ಗುರುಗಳೇ. ಅದರಲ್ಲಿ ಕುಮಟೆಯ ಸೂರ್ಯೋದಯ ಇತ್ತು, ನಿಮ್ಮ ಊರಿನದು. ಇಲ್ಲಿ ಸೂರ್ಯ ಕೆಲವು ನಿಮಿಷ ಮೊದಲೇ ಹುಟ್ಟುತ್ತಾನೆ. ಇವತ್ತು ಹುಟ್ಟಿದಾಗ ದಶಮಿ ಇನ್ನೂ ಮುಗಿದಿರಲಿಲ್ಲ, ಹುಟ್ಟುವಾಗಿನ ತಿಥಿಯೇ ತಾನೇ ದಿನದ ತಿಥಿ."

ಗುರುಗಳು ಹೊಳೆಯ ಕಡೆ ನೋಡಿದರು. ನಿಂತ ನೆಲದ ಸೂರ್ಯನನ್ನೇ ನೋಡಬೇಕು ಎಂದು ಶಿಷ್ಯರಿಗೆಲ್ಲ ಪಾಠ ಹೇಳುತ್ತಿದ್ದವರು ಅವರೇ.

"ಇದು ಯಾವಾಗಿನಿಂದ ಗೊತ್ತು ನಿನಗೆ?"

"ಹೋದ ಮಳೆಗಾಲದಿಂದ."

"ಯಾಕೆ ಹೇಳಲಿಲ್ಲ?"

"ನಿಮ್ಮ ಲೆಕ್ಕ ತಪ್ಪು ಅಂತ ಹೇಗೆ ಹೇಳಲಿ? ತಿದ್ದಿ, ಕಮಿಟ್ ಮಾಡದೆ ಯಾರಿಗೂ ಕಾಣದ ಹಾಗೆ ಇಟ್ಟಿದ್ದೆ. ಚಿಂತೆ ಮಾಡಬೇಡಿ, ಹಳೆಯ ಲೆಕ್ಕವೂ ದಾಖಲೆಯಲ್ಲಿ ಹಾಗೇ ಇದೆ. ಈಗಲೇ ಅದನ್ನು ವಾಪಸ್ ಹಾಕ್ತೀನಿ."

"ಹಾಕುವಿಯಂತೆ. ಮೊದಲು ಹೋಗಿ ಆ ಸೂರ್ಯನಿಗೆ ಹೇಳು, ನಾಳೆಯಿಂದ ಸ್ವಲ್ಪ ತಡವಾಗಿ ಬಾ ಅಂತ."

ಗುರುಗಳು ಪದ್ಮಾವತಮ್ಮನ ಕಡೆ ತಿರುಗಿದರು.

"ಒಲೆ ಹಚ್ಚಿ ತಾಯಿ. ಅನ್ನ, ಸಾರು. ಸಾಧ್ಯವಾದರೆ ಒಂದು ಪಲ್ಯ."

ಪದ್ಮಾವತಮ್ಮ ಇನ್ನೊಂದು ಸಲ ಕೇಳಲು ನಿಲ್ಲಲಿಲ್ಲ. ಅವರಿಗೂ ಹಸಿವಾಗಿತ್ತು.

ಊಟಕ್ಕೆ ಗುರುಗಳು ವಾಗೀಶನನ್ನು ತಮ್ಮ ಪಕ್ಕದ ಎಲೆಗೇ ಕೂರಿಸಿಕೊಂಡರು. ಮೊದಲ ತುತ್ತು ಗಂಟಲಲ್ಲಿ ಇಳಿಯುವಷ್ಟರಲ್ಲಿ ಅವನ ಕಣ್ಣು ತುಂಬಿತು. ಮಳೆಗಾಲದಿಂದ ಹೊತ್ತುಕೊಂಡಿದ್ದ ಭಾರ ಇಳಿದು, ಅವನಿಗೆ ಎಂದಿಲ್ಲದ ಸಮಾಧಾನವಾಗಿತ್ತು. ಎರಡನೇ ಸಲ ಸಾರು ಹಾಕಿಸಿಕೊಂಡ ಮೇಲೆ ಅವನಿಗೆ ಮಾತು ಬಂತು.

"ಗುರುಗಳೇ, ಎಡಿಟರಿನ ಆ ಸೆಟ್ಟಿಂಗ್ ಇವತ್ತೇ ಆಫ್ ಮಾಡ್ತೀನಿ. ಇನ್ನು ಮೇಲೆ ನಾನು ಆರಿಸಿದ್ದು ಮಾತ್ರ ಹೋಗುತ್ತೆ."

ಗುರುಗಳು ಅನ್ನ ಕಲೆಸುತ್ತಲೇ ಹೇಳಿದರು.

"ಬೇಡ. ನೀನು ಬಾಯಿ ಬಿಟ್ಟು ಹೇಳೋದು ಕಲಿಯೋ ತನಕ ಅದು ಹಾಗೇ ಇರಲಿ."