ಮುಖ್ಯಸ್ಥರ ಅಡಿಗೆ ಯಾರ ಕೈಗೆ?

ಏಳು ಪಾಳೆಯಗಳವರು ಐದು ವರ್ಷಕ್ಕೊಮ್ಮೆ ಸೇರಿ ತಮ್ಮ ಒಕ್ಕೂಟಕ್ಕೆ ಒಬ್ಬ ಮುಖ್ಯಸ್ಥರನ್ನು ಆರಿಸುತ್ತಿದ್ದರು. ಒಂದು ಪಾಳೆಯದಿಂದ ಒಂದೇ ಹೆಸರು ಹೋಗಬೇಕು. ಕಣಿವೆಗುಡ್ಡದ ಪಾಳೆಯದಲ್ಲಿ ಮಾತ್ರ ಮೂವರು ಸೊಂಟ ಕಟ್ಟಿ ನಿಂತಿದ್ದರು: ದಳವಾಯಿ ಬೆಟ್ಟಪ್ಪ, ಸುಂಕದ ಅಧಿಕಾರಿ ಪಾರಿಸಣ್ಣ, ಮತ್ತು ಪಾಳೆಯಗಾರ ಗುಜ್ಜಪ್ಪ ನಾಯಕರ ನಾದಿನಿ ಕೆಂಚವ್ವ ನಾಗತಿ.

ನಾಯಕರು ಯಾರ ಹೆಸರು ಹೇಳಿದರೂ ಉಳಿದಿಬ್ಬರು ಮುನಿಯುವುದು ಖಚಿತ. ಅವರು ಮಂತ್ರಿ ಪುಟ್ಟರಸಯ್ಯನನ್ನು ಕರೆಸಿದರು.

"ನಾಳೆಯ ಸಭೆಯಲ್ಲಿ ನೀನೇ ಒಂದು ಹೆಸರು ತೀರ್ಮಾನಿಸು. ಆದರೆ ಬಿಟ್ಟುಹೋದ ಇಬ್ಬರೂ 'ಅನ್ಯಾಯವಾಯಿತು' ಅನ್ನಬಾರದು. ಒಬ್ಬರು ಅಂದರೂ ನೀನು ಕೋಟೆ ಬಿಡಬೇಕು."

"ಮನೆಯವಳಿಗೆ ಪಾತ್ರೆ ಪಡಗ ಕಟ್ಟಲು ಹೇಳಲೇ ಪ್ರಭು?"

"ಹೇಳಿಟ್ಟಿರು, ಒಳ್ಳೆಯದು."

ಮರುದಿನ ದಳವಾಯಿ ಅಂಗಿ ಸರಿಸಿ ತನ್ನ ಹದಿನೇಳು ಗಾಯಗಳನ್ನು ಸಭೆಗೆ ತೋರಿಸಿದ.

"ಹನ್ನೊಂದು ಬೆನ್ನಿನ ಮೇಲಿವೆ," ಎಂದ ಪಾರಿಸಣ್ಣ.

"ನಿನ್ನ ತಕ್ಕಡಿಯಲ್ಲಿ ಕೊಳ್ಳಲೊಂದು ಕಲ್ಲು, ಮಾರಲೊಂದು ಕಲ್ಲು," ಎಂದ ದಳವಾಯಿ.

ಕೆಂಚವ್ವ ಮೆಲ್ಲಗೆ ಹೇಳಿದಳು, "ಇಬ್ಬರೂ ಕೆಲಸ ಬಲ್ಲವರು. ಆದರೆ ಜಗಳ ಆಡುವವರನ್ನು ಒಂದೇ ಚಾಪೆಯ ಮೇಲೆ ಕೂರಿಸುವುದು ನನಗೆ ಬರುತ್ತದೆ."

ಪುಟ್ಟರಸಯ್ಯ ಎದ್ದು ನಿಂತ. "ಮೂವರೂ ಯೋಗ್ಯರೇ. ಹೆಸರು ಸಿಗದವರಿಗೂ ಗೌರವದ ಹುದ್ದೆ ಇರಲಿ. ಒಬ್ಬರು ಮುಖ್ಯಸ್ಥರ ಊಟದ ಉಸ್ತುವಾರಿ ನೋಡಲಿ. ಇನ್ನೊಬ್ಬರು ಮುಖ್ಯಸ್ಥರು ಮಲಗಿದಾಗ ಬಾಗಿಲು ಕಾಯಲಿ. ಐದು ವರ್ಷ ಬದಲಿಸುವಂತಿಲ್ಲ. ದಳವಾಯಿಗಳೇ, ಒಪ್ಪಿಗೆಯೇ?"

ದಳವಾಯಿ ಪಾರಿಸಣ್ಣನ ಕಡೆ ನೋಡಿದ. ಪಾರಿಸಣ್ಣ ಬಹಳ ಪ್ರೀತಿಯಿಂದ ನಕ್ಕ.

"ನನ್ನ ಹೊಟ್ಟೆ ಸ್ವಲ್ಪ ಸೂಕ್ಷ್ಮ," ಎಂದ ದಳವಾಯಿ. "ಗಡಿಯಲ್ಲೂ ಕೆಲಸ ಬಹಳ. ನನ್ನ ಹೆಸರು ಬಿಡಿ."

"ಹಾಗಾದರೆ ಪಾರಿಸಣ್ಣನವರು?"

"ನಾನು ಮಲಗಿರಬೇಕು, ಈ ಮನುಷ್ಯ ಕತ್ತಿ ಹಿಡಿದು ಬಾಗಿಲಲ್ಲಿರಬೇಕು, ಅಲ್ಲವೇ? ನನಗೆ ಮೊದಲೇ ನಿದ್ದೆ ಕಡಿಮೆ. ನನ್ನದೂ ಬಿಡಿ."

ಕೆಂಚವ್ವ ಯೋಚಿಸಲೂ ಇಲ್ಲ. "ಕಾವಲಿಗೆ ದಳವಾಯಿಗಳಿರಲಿ. ಗೊರಕೆ ಹೊಡೆಯುತ್ತಾರೆ, ಸಹಿಸಿಕೊಳ್ಳುತ್ತೇನೆ. ಪಾರಿಸಣ್ಣ ಊಟ ನೋಡಲಿ. ಖಾರ ಒಂದು ಹಿಡಿಯಷ್ಟು ಕಡಿಮೆ ಮಾಡಿಸಿದರೆ ಸಾಕು."

ಇಡೀ ಸಭೆ ನಕ್ಕಿತು. ಅವಳ ಹಿಂದೆ ಯಾರೂ ಚೂರಿ ಮಸೆದಿರಲಿಲ್ಲ, ಅವಳಿಗೆ ಅಳುಕಿರಲಿಲ್ಲ.

"ಅನ್ಯಾಯವಾಯಿತು ಅನ್ನುವವರು ಈಗಲೇ ಹೇಳಿ," ಎಂದ ಪುಟ್ಟರಸಯ್ಯ. ತಮ್ಮ ಹೆಸರನ್ನು ತಾವೇ ಹಿಂದೆಗೆದುಕೊಂಡ ಇಬ್ಬರೂ ನೆಲ ನೋಡಿದರು.

ನಾಯಕರು ಹೆಗಲ ಶಾಲು ತೆಗೆದು ಪುಟ್ಟರಸಯ್ಯನಿಗೆ ಹೊದಿಸಿ, ಊಟಕ್ಕೆ ಪಕ್ಕದಲ್ಲೇ ಕೂರಿಸಿಕೊಂಡರು.

"ಅಲ್ಲಯ್ಯಾ, ನಾನೇ ನಿಂತಿದ್ದರೆ?"

"ತಮಗೇನು ಭಯ ಪ್ರಭು? ತಮ್ಮ ಅಡಿಗೆಗೆ ನಾನೇ ಇರುತ್ತಿದ್ದೆ."

ನಾಯಕರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ತಮ್ಮ ಎಲೆಯನ್ನು ಅವನತ್ತ ಸರಿಸಿ ಹೇಳಿದರು, "ಮೊದಲ ತುತ್ತು ನಿನ್ನದಾಗಲಿ."